ಮೊಣಕೈ ಮೇಲಿನ ಕರಿದಾರ

ಫೆನಿಟಾಯಿನ್ ಇಂಜೆಕ್ಷನ್ ಬಗ್ಗೆ ಹೊಸದಾಗಿ ಸೇರಿದ ನರ್ಸ್‌ಗಳಿಗೆ ಪಾಠ ಹೇಳುತ್ತಿದ್ದವಳು ನಾನೇ. ನಿಲ್ಲದ ಮೂರ್ಛೆಯನ್ನು ನಿಲ್ಲಿಸಲು ರಕ್ತನಾಳದ ಮೂಲಕ ಕೊಡುವ ಔಷಧಿ ಅದು. ಕೆಲಸದಲ್ಲಿ ಗಟ್ಟಿ, ಆದರೆ ಮೂಗಿನ ತುದಿಯಲ್ಲೇ ಸಿಟ್ಟು. ಗ್ಲೂಕೋಸಿನಲ್ಲಿ ಬೆರೆಸಿದರೆ ಹರಳುಗಟ್ಟುತ್ತದೆ, ಸಲೈನಿನಲ್ಲೇ ಬೆರೆಸಬೇಕು. ನಿಮಿಷಕ್ಕೆ ಐವತ್ತು ಮಿಲಿಗ್ರಾಂ ದಾಟಿಸಿ ನುಗ್ಗಿಸಿದರೆ ರಕ್ತದೊತ್ತಡ ಕುಸಿಯುತ್ತದೆ, ಹೃದಯ ತಾಳ ತಪ್ಪುತ್ತದೆ. ಸಣ್ಣ ರಕ್ತನಾಳಕ್ಕೆ ಹಾಕಿದರೆ ಅದನ್ನು ಸುಡುತ್ತದೆ. ಹೊರಗೆ ಸೋರಿದರೆ ಸುತ್ತಲಿನ ಮಾಂಸವನ್ನೇ ಕೊಲ್ಲುತ್ತದೆ. "ಮನಿಗೆ ಬಂದ ಹಿರೇ ಬೀಗರು ಇದ್ದಂಗ ಇದು. ಮರ್ಯಾದಿ ತುಸು ಕಮ್ಮಿ ಆದ್ರೂ ಮನಿ ಮಂದಿನೆಲ್ಲ ಕುಣಿಸ್ತದ" ಎಂದು ಹೇಳಿ ಹುಡುಗಿಯರನ್ನು ನಗಿಸುತ್ತಿದ್ದೆ. ಇಷ್ಟೆಲ್ಲ ಗೊತ್ತಿದ್ದವಳ ಕೈಯಲ್ಲೇ ಆದದ್ದು ಇದು.

ಆಗ ಹತ್ತಿ ಬಿಡಿಸುವ ದಿನಗಳು. ನಾನು ರಂಗಂಪೇಟೆಯಿಂದ ದಿನಾ ಬಸ್ಸಿಗೆ ಓಡಾಡುವವಳು. ಶಹಾಪುರದ ಕಡೆ ಹೊರಟ ಹತ್ತಿ ಲಾರಿಗಳ ಹಿಂದೆ ಸಿಕ್ಕಿ ಆವತ್ತು ನಮ್ಮ ಬಸ್ಸು ತಡವಾಗಿತ್ತು. ದವಾಖಾನೆಯ ಹೆಸರು ಬರೆಯುವುದಿಲ್ಲ. ಆ ಸೀಮೆಯ ಸಣ್ಣದೊಂದು ದವಾಖಾನೆ ಎಂದರೆ ಸಾಕು. ತುರ್ತು ಕೋಣೆಯಲ್ಲಿ ಎರಡು ಮಂಚ, ಒಂದು ಮಾನಿಟರ್, ಒಂದು ಆಮ್ಲಜನಕದ ಸಿಲಿಂಡರ್, ಮತ್ತು ನಾನು. ಹೊರರೋಗಿಗಳ ಉದ್ದನೆಯ ಸಾಲಿಗೆ ಒಬ್ಬರೇ ಡಾಕ್ಟರು. ಹಾಸನದ ಕಡೆಯವರು, ಕೆಲಸಕ್ಕೆ ಬಂದು ಒಂದು ವರ್ಷವೂ ಆಗಿರಲಿಲ್ಲ. ನಮ್ಮ ಮಂದಿಯ ಮಾತು ಅವರಿಗೆ ಇನ್ನೂ ಜಗಳದ ಹಾಗೇ ಕೇಳುತ್ತಿತ್ತು. "ಸಿಸ್ಟರ್, ಇವರು ಬೈತಿದ್ದಾರಾ, ಮಾತಾಡ್ತಿದ್ದಾರಾ?" ಎಂದು ನನ್ನ ಕಿವಿಯಲ್ಲಿ ಕೇಳುತ್ತಿದ್ದರು.

ಹನ್ನೊಂದೂವರೆಗೆ ಒಂದು ಟಂಟಂ ಆಟೊ ಬಂದು ಬಾಗಿಲಿಗೇ ನಿಂತಿತು. ಹಿಂದೆ ತಾಯಿ ಕುಳಿತಿದ್ದಳು, ಅವಳ ತೊಡೆಯ ಮೇಲೆ ಮಗಳು ಸೆಟೆದುಕೊಂಡು ಅದುರುತ್ತಿದ್ದಳು. ಇಬ್ಬರೂ ನನಗೆ ಗುರುತಿದ್ದವರೇ. ಕೃಷ್ಣೆಯ ದಂಡೆಯ ಹಳ್ಳಿಯವರು. ಮನೆಯ ಗಂಡಸರು ಮೀನು ಹಿಡಿಯುತ್ತಾರೆ, ಇಪ್ಪತ್ತೆರಡು ವರ್ಷದ ಈ ಮಗಳು ಬಲೆ ಹೆಣೆಯುತ್ತಾಳೆ. ಮೂರು ವರ್ಷದಿಂದ ಮೂರ್ಛೆರೋಗ, ಗುಳಿಗೆ ನಮ್ಮಲ್ಲೇ. ಗುಳಿಗೆಯ ಸಾಲಿನಲ್ಲಿ ಕುಳಿತಾಗಲೂ ಮಡಿಲಲ್ಲಿ ಬಲೆ ಇಟ್ಟುಕೊಂಡು ಅದರ ಹರಿದ ಕಣ್ಣು ಹೆಣೆಯುತ್ತಿದ್ದಳು. ಬಲಗೈಯಲ್ಲಿ ಬಿದಿರಿನ ಸೂಜಿ. ನೋಟ ಎಲ್ಲೋ ಇರುತ್ತಿತ್ತು, ಗಂಟು ತಾನಾಗಿ ಬೀಳುತ್ತಿತ್ತು. ಒಮ್ಮೆ ಹುಡುಗಾಟಕ್ಕೆ "ನಂಗೂ ಕಲಿಸವಾ" ಎಂದು ನಾನೊಂದು ಗಂಟು ಹಾಕಿದ್ದೆ. ಅದನ್ನು ನೋಡಿ ಬಾಯಿಗೆ ಸೆರಗು ಹಿಡಿದು ನಕ್ಕು, "ಇದರಾಗ ಆನಿನೂ ದಾಟಿ ಹೋಗ್ತದ್ರಿ ಅಕ್ಕಾರ" ಎಂದಿದ್ದಳು.

"ಎಷ್ಟೊತ್ತಾತು ಬಂದು?" ಎಂದು ತಾಯಿಯನ್ನು ಕೇಳುತ್ತಲೇ ಮಗಳನ್ನು ಮಂಚಕ್ಕೆ ಎಳೆದುಕೊಂಡೆವು.

"ಬುತ್ತಿ ಕಟ್ಟೂ ಹೊತ್ತಿನಾಗ ಬಂತ್ರಿ. ಬಿಟ್ಟು ಬಿಟ್ಟು ಬರಾಕತ್ತದ. ನಡುವ ಎಚ್ಚರಾನ ಆಗವಲ್ಲಳ್ರಿ."

"ಗುಳಿಗಿ ತಗೊಂಡಾಳಿಲ್ಲ?"

"ತೀರ್ಯಾವ್ರಿ. ಹದಿನೈದು ದಿನ ಆತು."

ಹಿಂದಿನ ಸಲ ಗುಳಿಗೆ ಕಡಿಮೆ ಇದ್ದಾಗ ಎರಡು ವಾರಕ್ಕಾಗುವಷ್ಟೇ ಕೊಟ್ಟು "ಮತ್ತ ಬರ್ರಿ" ಎಂದು ಕಳಿಸಿದವಳು ನಾನೇ. ಎರಡು ಬಸ್ಸು ಬದಲಿಸಿ ಬರುವವರಿಗೆ ಆ ಮಾತು ಎಷ್ಟು ದೂರ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ.

ಎಡಮಗ್ಗುಲಿಗೆ ಹೊರಳಿಸಿದೆ. ಬಾಯಿಯ ನೊರೆ ಎಳೆದು ತೆಗೆದು ಆಮ್ಲಜನಕ ಹಚ್ಚಿದೆ. ಬೆರಳು ಚುಚ್ಚಿ ಸಕ್ಕರೆ ನೋಡಿದೆ, ಸರಿಯಿತ್ತು. ಗೋಡೆಯ ಗಡಿಯಾರ ನೋಡಿ ಹೊತ್ತು ಬರೆದುಕೊಂಡೆ. ಇನ್ನು ಬೇಕಾದದ್ದು ರಕ್ತನಾಳ. ಎಡ ಮೊಣಕೈಯ ಮಡಿಕೆಯಲ್ಲಿ ಎರಡು ಸಲ ಚುಚ್ಚಿದೆ; ಕೈ ಜಗ್ಗುವ ರಭಸಕ್ಕೆ ಎರಡು ಸಲವೂ ಸೂಜಿ ಜಾರಿ ಚರ್ಮದಡಿ ರಕ್ತ ಉಬ್ಬಿತು. ಬಲಗೈ ಹಿಡಿದು ನೋಡಿದರೆ ಅಂಗೈ ಹಿಂದಿನ ರಕ್ತನಾಳ ಸುತಳಿಯಷ್ಟು ದಪ್ಪಗೆ ಎದ್ದು ನಿಂತಿತ್ತು. ಸೂಜಿ ಹಾಕುವ ಮೊದಲು ರಕ್ತನಾಳ ಉಬ್ಬಲೆಂದು ತೋಳಿಗೆ ರಬ್ಬರ್ ಪಟ್ಟಿ ಬಿಗಿಯುವುದು ನಮ್ಮ ಪದ್ಧತಿ. ಇಲ್ಲಿ ಪಟ್ಟಿ ಬಿಗಿಯುವ ಮೊದಲೇ ಅದು ಉಬ್ಬಿತ್ತು. ಸದ್ಯ, ದೇವರು ದೊಡ್ಡವನು ಅಂದುಕೊಂಡೆ.

ಯಾಕೆ ಉಬ್ಬಿದೆ ಎಂಬುದು ಕುಪ್ಪಸದ ತೋಳು ಮೇಲೆ ಸರಿಸಿದಾಗ ಕಂಡಿತು. ಮೊಣಕೈಗಿಂತ ನಾಲ್ಕು ಬೆರಳು ಮೇಲೆ ಕರಿ ಉಣ್ಣೆಯ ಹುರಿದಾರ, ಅದಕ್ಕೊಂದು ತಾಮ್ರದ ತಾಯತ. ದಾರದ ಎರಡೂ ಕಡೆ ಮಾಂಸ ಉಬ್ಬಿ ಬಂದಿತ್ತು. ಅಡಿಗೆ ಉಗುರೂ ಹೋಗುತ್ತಿರಲಿಲ್ಲ. ನಾನು ಟ್ರೇಯಿಂದ ಕತ್ತರಿ ತೆಗೆದುಕೊಂಡೆ.

ತಾಯಿ ನನ್ನ ಮಣಿಕಟ್ಟು ಹಿಡಿದಳು. "ಬ್ಯಾಡ್ರಿ ಅಕ್ಕಾರ! ಕೊಯ್ಬ್ಯಾಡ್ರಿ! ಐದು ಅಮಾಸಿ ಮುಗಿಯೂತನಾ ತಗೀಬಾರದು, ದೇವ್ರು ಸಿಟ್ಟಾಗ್ತಾನ ಅಂತ ಪೂಜಾರ್ರು ಅಂದಾರ. ಇನ್ನೊಂದ ಅಮಾಸಿ ಉಳದದ."

"ಬಾಳ ಬಿಗಿ ಆಗ್ಯಾದಲ್ಲವಾ?"

"ಬಂದಾಗ ಬಿಗೀಬೇಕ್ರಿ. ಗಾಳಿ ಮ್ಯಾಲ ಏರಬಾರದು. ನಾನ ಬಿಗದೀನಿ."

ಅವರ ಮನೆತನದ ರೂಢಿ ಅದು. ಮೂರ್ಛೆ ಬಂದ ಕೂಡಲೇ ದಾರಕ್ಕೆ ಒಂದು ಕಡ್ಡಿ ಸಿಕ್ಕಿಸಿ ಎರಡು ಸುತ್ತು ಹುರಿ ಏರಿಸುವುದು, ಇಳಿದ ಮೇಲೆ ಸಡಿಲಿಸುವುದು. ಮೂರ್ಛೆ ಸಾಮಾನ್ಯವಾಗಿ ಎರಡು ನಿಮಿಷದಲ್ಲಿ ಇಳಿಯುತ್ತದೆ, ಹಾಗಾಗಿ ಅಲ್ಲಿಯತನಕ ಆ ರೂಢಿಯಿಂದ ಯಾರಿಗೂ ಏನೂ ಆಗಿರಲಿಲ್ಲ. ಆವತ್ತು ಮೂರ್ಛೆ ಇಳಿಯಲೇ ಇಲ್ಲ, ಸಡಿಲಿಸುವ ಹೊತ್ತೂ ಬರಲಿಲ್ಲ.

ನಾನು ಕತ್ತರಿ ಕೆಳಗಿಟ್ಟೆ. ಇದಕ್ಕೆ ಕಾರಣ ಇತ್ತು. ಕಾರಣ ಇದ್ದ ಮಾತ್ರಕ್ಕೆ ಕ್ಷಮೆ ಇರುವುದಿಲ್ಲ, ಆದರೂ ಹೇಳುತ್ತೇನೆ. ಹಿಂದಿನ ತಿಂಗಳು ಒಬ್ಬ ಮುದುಕನ ಮಣಿಕಟ್ಟಿನ ದಾರ ಕತ್ತರಿಸಿ ಸಲೈನ್ ಹಾಕಿದ್ದೆ. ಇಪ್ಪತ್ತು ಜನ ಬಂದು ಸಂಜೆಯತನಕ ಬಾಯಿಗೆ ಬಂದಂತೆ ಬೈದು ಹೋಗಿದ್ದರು. ಮರುದಿನ ಮೇಲಿನವರು ನಮ್ಮನ್ನೆಲ್ಲ ಕರೆದು, ಇನ್ನು ಮುಂದೆ ಯಾರ ದಾರ, ತಾಯತಕ್ಕೂ ಕೈ ಹಾಕಬೇಡಿ, ಸರಿಸಿ ಕೆಲಸ ಮಾಡಿ ಎಂದಿದ್ದರು. ಆ ಮಾತು ಬರಹದಲ್ಲಿ ಎಲ್ಲಿಯೂ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಇನ್ನೊಂದು ಜಗಳ ನನಗೇ ಬೇಕಿರಲಿಲ್ಲ. ಹೇಗೂ ರಕ್ತನಾಳ ಎದ್ದಿದೆ, ಮೊದಲು ಸೂಜಿ ಹಾಕಿಬಿಡೋಣ, ಆಮೇಲೆ ತಾಯಿಯಿಂದಲೇ ಸಡಿಲು ಮಾಡಿಸಿದರಾಯಿತು ಅಂದುಕೊಂಡೆ. ಅವಳ ದಾರವನ್ನೇ ನನ್ನ ರಬ್ಬರ್ ಪಟ್ಟಿ ಮಾಡಿಕೊಂಡೆ. ಸೂಜಿ ಒಳಗೆ ಹೋದ ಮರುಕ್ಷಣ ಪಟ್ಟಿ ಬಿಚ್ಚುವುದು ನನ್ನ ಕೈಗೆ ಅಂಟಿದ ಅಭ್ಯಾಸ. ಆದರೆ ಆ ಪಟ್ಟಿಯನ್ನು ಕಟ್ಟಿದ್ದು ನನ್ನ ಕೈಯಲ್ಲ, ಬಿಚ್ಚುವ ನೆನಪೂ ಅದಕ್ಕೆ ಬರಲಿಲ್ಲ.

ರಕ್ತನಾಳದಲ್ಲೇ ಬಿಡುವ ಸೂಜಿ-ನಳಿಕೆ, ನೀಲಿ ಬಣ್ಣದ ಸಣ್ಣ ಕ್ಯಾನುಲಾ, ಒಂದೇ ಸಲಕ್ಕೆ ಒಳಗೆ ಹೋಯಿತು. ರಕ್ತ ಬಂತು. ಅಂಟುಪಟ್ಟಿ ಹಚ್ಚಿದೆ. ಅಷ್ಟರಲ್ಲಿ ಡಾಕ್ಟರು ಓಡಿ ಬಂದರು; ಕುಪ್ಪಸದ ತೋಳು ಮತ್ತೆ ಜಾರಿ ದಾರವನ್ನು ಮುಚ್ಚಿತ್ತು, ಅವರಿಗೆ ಅದು ಕಾಣಲಿಲ್ಲ. ಮೊದಲು ಕೊಡುವುದು ಲೋರಾಜೆಪಾಮ್. ಫ್ರಿಜ್ಜಿನಿಂದ ತೆಗೆದು ನಾಲ್ಕು ಮಿಲಿಗ್ರಾಂ, ಎರಡು ನಿಮಿಷ ಹಿಡಿದು ನಿಧಾನಕ್ಕೆ ಕೊಟ್ಟೆ. ಐದು ನಿಮಿಷ ಕಾದೆವು. ಮೂರ್ಛೆ ಕದಲಲಿಲ್ಲ. ಇನ್ನೊಂದು ಸಲ ಕೊಟ್ಟೆ. ಮತ್ತೆ ಐದು ನಿಮಿಷ. ಅದೇ ಅದುರು, ಅದೇ ಹಲ್ಲು ಕಚ್ಚುವ ಸದ್ದು. "ತುಂಬಾ ಹಟ ಮಾಡ್ತಿದೆ ಸಿಸ್ಟರ್" ಎಂದರು ಡಾಕ್ಟರು. ಹೌದು ಎಂದೆ. ಔಷಧಿ ಮಿದುಳಿಗೆ ಹೋಗುತ್ತಲೇ ಇಲ್ಲ, ದಾರದ ಕೆಳಗೆ ಕೈಯಲ್ಲೇ ಕಟ್ಟಿ ನಿಂತಿದೆ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

"ಫೆನಿಟಾಯಿನ್ ಹಾಕೋಣ. ತೂಕ?"

"ನಲವತ್ತೈದು ಹಿಡೀರಿ ಸರ್."

ಕೆಜಿಗೆ ಇಪ್ಪತ್ತರಂತೆ ಒಂಬೈನೂರು ಮಿಲಿಗ್ರಾಂ. ಒಂಬತ್ತು ಆಂಪೂಲುಗಳ ಕುತ್ತಿಗೆ ಮುರಿದೆ. ನೂರು ಎಂಎಲ್ ಸಲೈನ್ ಬಾಟಲಿಗೆ ಸೇರಿಸಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ, ಹರಳಿಲ್ಲ, ಮಸುಕಿಲ್ಲ. ಮಾನಿಟರ್ ಹಚ್ಚಿದೆ. ಎಡ ತೋಳಿಗೆ ಬಿಪಿ ಪಟ್ಟಿ ಸುತ್ತಿದೆ. ಎಲ್ಲ ಪುಸ್ತಕದಲ್ಲಿ ಇದ್ದ ಹಾಗೇ. ಔಷಧಿ ಬಿಡುವ ಮೊದಲು ಬರೀ ಸಲೈನ್ ಐದು ಎಂಎಲ್ ತಳ್ಳಿ ನೋಡಿದೆ. ಸ್ವಲ್ಪ ತಡೆದಂತಾಗಿ ಹೋಯಿತು. ಆ ತಡೆಯನ್ನು ಈಗಲೂ ನನ್ನ ಹೆಬ್ಬೆರಳು ನೆನಪಿಟ್ಟುಕೊಂಡಿದೆ.

"ಇದಕ್ಕಿಂತ ದೊಡ್ಡ ವೇನ್ ಸಿಗಲ್ವಾ ಸಿಸ್ಟರ್?" ಡಾಕ್ಟರು ಕೇಳಿದರು. ಸರಿಯಾದ ಪ್ರಶ್ನೆಯನ್ನೇ ಕೇಳಿದ್ದರು.

"ಎರಡು ಸಲ ನೋಡೀನ್ರಿ ಸರ್. ಇದು ಚೊಲೋ ನಡದದ."

ಅವರು ನನ್ನ ಮಾತು ನಂಬಿದರು. ಇಷ್ಟು ವರ್ಷ ಕೆಲಸ ಮಾಡಿದವಳ ಮಾತನ್ನು ಹೊಸಬರು ನಂಬದೆ ಏನು ಮಾಡುತ್ತಾರೆ?

ಹನಿ ಬೀಳುವುದು ನಿಧಾನವಾಯಿತು. ಒಂದೆರಡು ಸಲ ನಳಿಕೆಯಲ್ಲಿ ರಕ್ತ ಹಿಂದಕ್ಕೆ ಏರಿತು. ಕೈ ಅದುರುವುದಕ್ಕೆ ಹೀಗಾಗುತ್ತಿದೆ ಅಂದುಕೊಂಡು ಸ್ಟ್ಯಾಂಡನ್ನು ಪೂರ್ತಿ ಎತ್ತರಕ್ಕೆ ಏರಿಸಿದೆ. ಬಾಟಲಿ ಮೇಲೇರಿದಷ್ಟೂ ಒತ್ತಡ ಹೆಚ್ಚುತ್ತದೆ. ಹನಿ ಮತ್ತೆ ಓಡಿತು. ಅದು ಎಲ್ಲಿಗೆ ಓಡುತ್ತಿದೆ ಎಂದು ನಾನು ನೋಡಲಿಲ್ಲ. ಮಗಳ ಮುಖ ನೋಡುತ್ತಿದ್ದೆ, ಮಾನಿಟರ್ ನೋಡುತ್ತಿದ್ದೆ, ಗಡಿಯಾರ ನೋಡುತ್ತಿದ್ದೆ. ಕೈ ನೋಡಲಿಲ್ಲ.

ಕಾದು ಸಾಕಾಗಿ ಡಾಕ್ಟರೇ ತೊಡೆಯ ಮಾಂಸಖಂಡಕ್ಕೆ ಮಿಡಾಜೋಲಾಮ್ ಚುಚ್ಚಿದರು. ಆರೇಳು ನಿಮಿಷದಲ್ಲಿ ಅದುರು ಕಡಿಮೆಯಾಗುತ್ತಾ ಬಂದು ನಿಂತಿತು. ಕೋಣೆ ಒಮ್ಮೆಲೇ ಶಾಂತವಾಯಿತು. ತಾಯಿ ನೆಲಕ್ಕೆ ಹಣೆ ಹಚ್ಚಿದಳು. ಡಾಕ್ಟರು ಮುಖ ಒರೆಸಿಕೊಂಡು ನಕ್ಕರು. ನಾನೂ ನಕ್ಕೆ. ಬಾಟಲಿಯಲ್ಲಿ ಉಳಿದದ್ದೂ ಮುಗಿಯಿತು; ಫೆನಿಟಾಯಿನ್ ಗೆದ್ದಿತು ಎಂದೇ ನಾವು ತಿಳಿದುಕೊಂಡೆವು. ಗೆದ್ದದ್ದು ತೊಡೆಗೆ ಹಾಕಿದ ಸೂಜಿ, ಯಾಕೆಂದರೆ ಅದರ ದಾರಿಯಲ್ಲಿ ದಾರ ಇರಲಿಲ್ಲ.

ಹೊರಗೆ ಬೈಕಿನಿಂದ ಬಿದ್ದ ಇಬ್ಬರನ್ನು ಹೊತ್ತು ತಂದಿದ್ದರು. ಮಗಳಿಗೆ ಕುತ್ತಿಗೆತನಕ ಚಾದರ ಹೊದಿಸಿ ನಾನು ಅತ್ತ ಹೋದೆ. ಗಾಯ ತೊಳೆಯುವುದು, ಹೊಲಿಗೆಗೆ ಕೈ ಕೊಡುವುದು, ಇದರಲ್ಲೇ ಒಂದೂವರೆ ಗಂಟೆ ಕಳೆಯಿತು. ಅವಳು ಔಷಧಿಯ ಮಂಪರಿನಲ್ಲಿದ್ದಳು. ಎಚ್ಚರವಿದ್ದಿದ್ದರೆ ಉರಿಗೆ ಕಿರುಚಿರುತ್ತಿದ್ದಳು, ಆ ಕಿರುಚಾಟವೇ ಕೈಯನ್ನು ಉಳಿಸುತ್ತಿತ್ತೇನೋ.

ಎರಡೂಕಾಲಿಗೆ ನಮ್ಮ ಆಯಾ ಬಂದು, "ಅಕ್ಕಾರ, ಆ ಹುಡಿಗಿ ಕೈ ಒಂದಿಷ್ಟು ನೋಡ್ರಿ, ಯಾಕೋ ಉಬ್ಬ್ಯಾದ" ಎಂದಳು.

ಚಾದರ ತೆಗೆದೆ. ಬೆರಳುಗಳು ಒಂದಕ್ಕೊಂದು ತಾಗುವಷ್ಟು ಊದಿದ್ದವು. ಚರ್ಮ ಬಿಗಿದು ಹೊಳೆಯುತ್ತಿತ್ತು. ಕ್ಯಾನುಲಾದ ಸುತ್ತ ನೇರಳೆ ಹಣ್ಣಿನ ಬಣ್ಣದ ಉಂಗುರ. ಮುಟ್ಟಿದರೆ ತಣ್ಣಗೆ. ಕೆಲಸ ಮಾಡದ ಎರಡು ಲೋರಾಜೆಪಾಮ್, ತಡೆದ ಸಲೈನ್, ಹಿಂದಕ್ಕೆ ಏರಿದ ರಕ್ತ, ನಾನೇ ಎತ್ತರಿಸಿದ ಬಾಟಲಿ, ಎಲ್ಲ ಒಟ್ಟಿಗೆ ಅರ್ಥವಾದವು. ಅರ್ಥವಾಗಿ ಏನು ಬಂತು.

ಡಾಕ್ಟರು ಬಂದು ನೋಡಿ ಬಿಳಿಚಿಕೊಂಡರು. ಆದರೆ ತಲೆ ಕೆಡಿಸಿಕೊಳ್ಳಲಿಲ್ಲ. "ಮೊದಲು ಇನ್ನೊಂದು ಕೈಗೆ ಲೈನ್ ಹಾಕಿ. ದಾರ ಬಿಟ್ಟ ಕೂಡಲೇ ನಿಂತಿರೋ ಔಷಧಿ ಒಮ್ಮೆಗೇ ಹೃದಯಕ್ಕೆ ಹೋದರೆ?" ಎಂದರು. ಈಗ ಕೈ ಅದುರುತ್ತಿರಲಿಲ್ಲ, ಎಡ ಮೊಣಕೈಯಲ್ಲಿ ದೊಡ್ಡ ಕ್ಯಾನುಲಾ ಸಲೀಸಾಗಿ ಹೋಯಿತು. ಬಲಗೈಯ ಕ್ಯಾನುಲಾ ತೆಗೆಯುವ ಮೊದಲು ಅದರಿಂದಲೇ ಸಿರಿಂಜಿನಲ್ಲಿ ಎಳೆದು ನೋಡಿದೆ. ನಾಲ್ಕು ಹನಿ ಕೆಂಪು ನೀರು ಬಂತು, ಅಷ್ಟೇ.

"ಯವ್ವಾ, ಇನ್ನ ಕೊಯ್ಲೇಬೇಕು" ಎಂದೆ.

ತಾಯಿ ಮಗಳ ಕೈಯನ್ನು ನೋಡಿದಳು. ಬಹಳ ಹೊತ್ತು ನೋಡಲಿಲ್ಲ. ಬಂದು ಮಗಳ ತೋಳನ್ನು ತಾನೇ ಎರಡೂ ಕೈಯಲ್ಲಿ ಎತ್ತಿ ಹಿಡಿದು, ಮುಖ ಗೋಡೆಗೆ ತಿರುಗಿಸಿ, "ಕೊಯ್ರಿ" ಎಂದಳು.

ಕತ್ತರಿ ಅಡಿಗೆ ಹೋಗಲಿಲ್ಲ. ಚಮಚದ ಹಿಡಿ ತೂರಿಸಿ, ಅದರ ಮೇಲೆ ಬ್ಲೇಡಿನಿಂದ ಎಳೆ ಎಳೆಯಾಗಿ ಕೊಯ್ದೆ. ದಾರ ಬಿಟ್ಟ ಜಾಗದಲ್ಲಿ ಬೆರಳು ಇಡುವಷ್ಟು ಆಳದ ಗೆರೆ ಉಳಿಯಿತು. ಬಿಪಿ ಸ್ವಲ್ಪ ಇಳಿದು ಮತ್ತೆ ನಿಂತಿತು. ಕೈಯನ್ನು ಎತ್ತರಕ್ಕೆ ಏರಿಸಿ ಬಟ್ಟೆಯ ಜೋಳಿಗೆಯಲ್ಲಿ ಸ್ಟ್ಯಾಂಡಿಗೆ ಕಟ್ಟಿದೆ. ಮಣಿಕಟ್ಟಿನ ನಾಡಿ ಹುಡುಕಿ ಹುಡುಕಿ ಸಿಗುವಷ್ಟು ಸಣ್ಣಗಿತ್ತು. ತಾಯಿ ಐಸು ತರಲೇ ಎಂದಳು, ಅರಿಷಿಣ ಹಚ್ಚಲೇ ಎಂದಳು. ಎರಡೂ ಬೇಡವೆಂದೆ. ದೊಡ್ಡ ದವಾಖಾನೆಗೆ ಕರೆದೊಯ್ಯುವುದೊಂದೇ ದಾರಿ. ಆದರೆ ಆಂಬುಲೆನ್ಸ್ ಹೆರಿಗೆಯ ಒಬ್ಬಳನ್ನು ಕರೆದುಕೊಂಡು ಯಾದಗಿರಿಗೆ ಹೋಗಿತ್ತು, ತಿರುಗಿ ಬರಬೇಕು.

ಆ ಒಂದೂಮುಕ್ಕಾಲು ಗಂಟೆ ನನ್ನ ಕಣ್ಣೆದುರಿಗೇ ನೇರಳೆ ಬಣ್ಣ ಮೇಲೇರಿತು. ಮೊದಲು ಬೆರಳುಗಳು, ಆಮೇಲೆ ಅಂಗೈ, ಆಮೇಲೆ ಮಣಿಕಟ್ಟು. ಬಣ್ಣದ ಅಂಚಿಗೆ ನಾನು ಪೆನ್ನಿನಿಂದ ಗೆರೆ ಎಳೆದು ಹೊತ್ತು ಬರೆಯುತ್ತಿದ್ದೆ. ಬಣ್ಣ ಗೆರೆ ದಾಟುತ್ತಿತ್ತು, ಮತ್ತೊಂದು ಗೆರೆ ಎಳೆಯುತ್ತಿದ್ದೆ. ನಾಲ್ಕು ಗಂಟೆಗೆ ಬೊಬ್ಬೆ ಎದ್ದವು. ಮಗಳು ಮಂಪರಿನಲ್ಲೇ ನರಳತೊಡಗಿದಳು. ತಾಯಿ ಕತ್ತರಿಸಿದ ದಾರವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಕುಳಿತಿದ್ದಳು.

"ನೋಡ್ರಿ ಅಕ್ಕಾರ, ಕೊಯ್ದ ಮ್ಯಾಲೇ ಕರ್ರಗಾಗಾಕತ್ತದ. ನಾನ ಎತ್ತಿ ಹಿಡಕೊಟ್ಟೆ. ನನ್ನ ಕೈಲೇ ಹಿಡಕೊಟ್ಟೆ."

ಹಾಗಲ್ಲ ಎಂದು ಆಗಲೇ ಹೇಳಬೇಕಿತ್ತು. ಗೆರೆ ಎಳೆಯುತ್ತಾ ನಿಂತೆ.

ಡಾಕ್ಟರು ಮೇಜಿನ ಮೇಲೆ ರೆಫರ್ ಚೀಟಿ ಬರೆಯುತ್ತಿದ್ದರು. ನನ್ನನ್ನು ಕರೆದು ತೋರಿಸಿದರು. ಮೂರ್ಛೆ ನಿಂತಿದೆ, ತೋಳಿಗೆ ಕಟ್ಟಿದ್ದ ಬಿಗಿದಾರದಿಂದ ಬಲಗೈ ಊದಿಕೊಂಡಿದೆ ಎಂದಿತ್ತು.

"ಇಷ್ಟು ಸಾಕಲ್ವಾ ಸಿಸ್ಟರ್? ಸುಳ್ಳೇನೂ ಇಲ್ಲವಲ್ಲ ಇದರಲ್ಲಿ."

ಸುಳ್ಳು ಇರಲಿಲ್ಲ. ಅದೇ ಅದರ ಆಕರ್ಷಣೆ. ಒಂದು ಕ್ಷಣ ನನಗೂ ಅದು ತಂಪಾದ ನೆರಳಿನಂತೆ ಕಂಡಿತು. ಸುಮ್ಮನೆ ತಲೆ ಆಡಿಸಿದ್ದರೆ ಆಗಿಹೋಗುತ್ತಿತ್ತು. ಒಳಗೆ ಮಗಳು ನರಳಿದ್ದು ಕೇಳಿಸಿತು.

"ಸಾಲಂಗಿಲ್ರಿ ಸರ್. ಒಳಗ ಏನು ಸೋರ್ಯಾದ ಅಂತ ಅಲ್ಲಿ ಡಾಕ್ಟರಿಗೆ ಗೊತ್ತಾಗಬೇಕು. ಬರೀ ದಾರ ಅಂದ್ರ ಅವರು ನಾಳಿತನಕ ಕಾಯ್ತಾರ."

ಅವರು ನನ್ನ ಮುಖ ನೋಡಿದರು. ಚೀಟಿ ಹರಿದು ಹೊಸದು ತೆಗೆದುಕೊಂಡರು. ನಾನು ಹೇಳುತ್ತಾ ಹೋದೆ, ಅವರು ಬರೆದರು. ಯಾವ ಔಷಧಿ, ಎಷ್ಟು ಆಂಪೂಲು, ಎಷ್ಟು ಸಲೈನಿನಲ್ಲಿ, ಯಾವ ಕೈಯ ಯಾವ ಜಾಗ, ಯಾವ ಬಣ್ಣದ ಕ್ಯಾನುಲಾ. ಸೂಜಿ ಹಾಕುವಾಗಲೇ ದಾರ ಇತ್ತು, ನರ್ಸ್ ಅದನ್ನು ನೋಡಿದ್ದಳು, ತೆಗೆದದ್ದು ಎರಡೂವರೆಗೆ. "ನೋಡಿದ್ದಳು ಅನ್ನೋದು ಬೇಕಾ?" ಎಂದರು. ಬೇಕು ಎಂದು ಕೆಳಗೆ ನಾನೂ ಸಹಿ ಹಾಕಿದೆ. ಆಂಬುಲೆನ್ಸಿನಲ್ಲಿ ಯಾದಗಿರಿತನಕ ಆ ಕೈಯನ್ನು ಎತ್ತಿ ಹಿಡಿದುಕೊಂಡೇ ಕುಳಿತಿದ್ದೆ.

ಅಲ್ಲಿ ಚೀಟಿ ಓದಿದ ಡಾಕ್ಟರು ಕಾಯಲಿಲ್ಲ. ಒಳಗಿನ ಒತ್ತಡ ಇಳಿಸಲು ಅಂದೇ ಕೈಯನ್ನು ಉದ್ದಕ್ಕೆ ಸೀಳಿ ಬಿಟ್ಟರು, ಆಮೇಲೆ ಇನ್ನೂ ದೊಡ್ಡ ದವಾಖಾನೆಗೆ ಕಳಿಸಿದರು. ತೋಳು ಉಳಿಯಿತು. ನಡುವಿನ ಮೂರು ಬೆರಳು ಹೋದವು. ಹೆಬ್ಬೆರಳು, ಕಿರುಬೆರಳು ಇವೆ, ಆದರೆ ಮಡಚುವುದಿಲ್ಲ. ಬಿದಿರಿನ ಸೂಜಿ ಅವಕ್ಕೆ ನಿಲ್ಲುವುದಿಲ್ಲ.

ನನಗೆ ನೋಟಿಸು ಬಂತು, ಆದದ್ದನ್ನು ಆದ ಹಾಗೆ ಬರೆದು ಕೊಟ್ಟೆ. ದಾರಕ್ಕೆ ಕೈ ಹಾಕಬೇಡಿ ಎಂಬ ಮಾತು ಆ ಹೊತ್ತಿಗೆ ಯಾರಿಗೂ ನೆನಪಿರಲಿಲ್ಲ. ಈಗ ತುರ್ತು ಟ್ರೇಗೆ ತುದಿ ಮೊಂಡಾದ ಕತ್ತರಿಯೊಂದನ್ನು ಸರಪಳಿ ಹಾಕಿ ಕಟ್ಟಿದ್ದೇವೆ. ತೋಳನ್ನು ಹೆಗಲತನಕ ಬರಿದು ಮಾಡದೆ ಸೂಜಿ ತೆರೆಯುವಂತಿಲ್ಲ. ಕ್ಯಾನುಲಾ ಮೊಣಕೈಗೇ, ದೊಡ್ಡದೇ. ಸಲೈನ್ ತಳ್ಳುವಾಗ ಒಬ್ಬರು ಆ ಜಾಗದ ಮೇಲೆ ಬೆರಳಿಟ್ಟು ನೋಡುತ್ತಿರಬೇಕು. ಕೈಗೆ ಚಾದರ ಹೊದಿಸುವ ಹಾಗಿಲ್ಲ. ಇಷ್ಟು ಒರಟಲ್ಲದ ಲೆವೆಟಿರಾಸೆಟಮ್ ಇಂಜೆಕ್ಷನ್ನೂ ಈಗ ನಮ್ಮಲ್ಲಿದೆ. ಹೊಸ ಹುಡುಗಿಯರಿಗೆ ಪಾಠ ಈಗಲೂ ನಾನೇ ಹೇಳುತ್ತೇನೆ. ಬೀಗರ ಮಾತು ಹೇಳುವುದನ್ನು ಬಿಟ್ಟಿದ್ದೇನೆ.

ಎರಡು ತಿಂಗಳಾದ ಮೇಲೆ ತಾಯಿ ಗುಳಿಗೆಗೆಂದು ಒಬ್ಬಳೇ ಬಂದಳು. ಸಾಲಿನಲ್ಲಿ ಕುಳಿತವರ ಮುಂದೆ ಹೇಳಿಕೊಳ್ಳುತ್ತಿದ್ದಳು: "ಒಂದ ಅಮಾಸಿ ಉಳದಿತ್ತು. ದಾರ ಕೊಯ್ಯಾಕ ಕೊಟ್ಟೆ. ಮಗಳ ಕೈ ನಾನ ಕಳದೆ." ಅವರಲ್ಲಿ ಒಬ್ಬಳು ತನ್ನ ಕೂಸಿನ ಕೈಯ ದಾರವನ್ನು ಮುಚ್ಚಿಕೊಂಡದ್ದನ್ನು ನಾನು ನೋಡಿದೆ. ಇದನ್ನು ಹೀಗೇ ಬಿಡಬಾರದು ಅನ್ನಿಸಿತು. ಆ ಹೆಂಗಸಿನ ತಲೆಯ ಮೇಲೆ ಅವಳದಲ್ಲದ ತಪ್ಪು ಕೂತಿದೆ, ಅದು ನನ್ನದು, ಇಳಿಸಿಕೊಳ್ಳಬೇಕಾದವಳೂ ನಾನೇ. ಇದು ಒಳ್ಳೆಯ ಕೆಲಸ ಎಂದು ನಿಜವಾಗಿಯೂ ನಂಬಿದ್ದೆ. ಡ್ರೆಸ್ಸಿಂಗ್ ಕೋಣೆಗೆ ಕರೆದು ಸ್ಟೂಲಿನ ಮೇಲೆ ಕೂರಿಸಿ ಬಾಗಿಲು ಹಾಕಿದೆ.

"ಯವ್ವಾ, ದಾರ ಕೊಯ್ದದ್ದಕ್ಕ ಕೈ ಹೋಗಿಲ್ಲ. ಕೊಯ್ಯದ್ದಕ್ಕ ಹೋಗ್ಯಾದ. ಸೂಜಿ ಹಾಕೂಕಿಂತ ಮೊದಲ ಕೊಯ್ಯಬೇಕಿತ್ತು. ಔಷಧ ಮ್ಯಾಲ ಹೋಗಲಾರದ ಕೈಯಾಗ ಸೋರಿತು. ಇದು ದೇವ್ರ ಸಿಟ್ಟಲ್ಲ. ತಪ್ಪು ನಂದು."

ಅವಳು ಸೆರಗಿನ ತುದಿಯ ಗಂಟನ್ನು ಹಿಡಿದುಕೊಂಡು ಕೇಳಿದಳು.

"ಮೊದಲ ಕೊಯ್ದಿದ್ರ ಉಳೀತಿತ್ತೇನ್ರಿ ಕೈ?"

"ಉಳೀತಿತ್ತು."

"ಐದೂ ಬೆರಳು?"

"ಐದೂ."

"ಅವಾಗ ಕತ್ತರಿ ನಿಮ್ಮ ಕೈಯಾಗ ಇತ್ತಲ್ರಿ."

"ಇತ್ತು."

"ನಾ ಬ್ಯಾಡ ಅಂದೆ."

ಆಗ ನನಗೆ ತಿಳಿಯಿತು, ನಾನು ಏನು ಮಾಡಿದೆ ಎಂದು. "ನೀ ಅಂದ್ರ ಏನಾತು, ನಾ ಕೇಳಬಾರದಿತ್ತು. ನನ್ನ ಕೆಲಸ ಅದು" ಎಂದೆ, ಗಡಿಬಿಡಿಯಿಂದ. ಅವಳಿಗೆ ಕೇಳಿಸಿದಂತೆ ಕಾಣಲಿಲ್ಲ.

"ನಾ ಬ್ಯಾಡ ಅಂದೆ," ಮತ್ತೆ ಅಂದಳು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದಳು. "ನಾ ಓದಿದಾಕಿ ಏನ್ರಿ ಅಕ್ಕಾರ? ನಾ ಬ್ಯಾಡ ಅಂದ್ರ ನೀವು ಬಿಡೂದೇನು?"

ಕೂಗಲಿಲ್ಲ. ಕೂಗಿದ್ದರೆ, ಇಪ್ಪತ್ತು ಜನರನ್ನು ಕರೆತಂದು ಸಂಜೆಯತನಕ ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಗುಳಿಗೆಯ ಚೀಲ ತೆಗೆದುಕೊಂಡು, ಬಾಗಿಲಲ್ಲಿ ಒಂದು ಕ್ಷಣ ನಿಂತು, ಹೋದಳು. ಅಲ್ಲಿಯವರೆಗೆ ಅವಳಿಗೆ ದೇವರ ಸಿಟ್ಟು ಎಂಬುದೊಂದಿತ್ತು, ಹರಕೆ ಹೊತ್ತು ತೀರಿಸಬಹುದಾದ ಸಿಟ್ಟು. ನಾನು ಅದನ್ನು ಕಿತ್ತುಕೊಂಡು ಅವಳ ಬಾಯಿಂದ ಬಂದ ಒಂದು ಮಾತನ್ನು ಅವಳ ಕೈಗೆ ಕೊಟ್ಟೆ. ಹೇಳಬಾರದಿತ್ತೇ? ಹೇಳಲೇಬೇಕಿತ್ತು ಎಂದೇ ಈಗಲೂ ಅನ್ನಿಸುತ್ತದೆ. ಹೇಳಿದ್ದರಿಂದ ಯಾರಿಗೂ ಒಳ್ಳೆಯದಾಗಲಿಲ್ಲ ಎಂಬುದೂ ನಿಜ.

ಈಗ ತಾಯಿ, ಮಗಳು ಇಬ್ಬರೂ ತಿಂಗಳಿಗೊಮ್ಮೆ ಬರುತ್ತಾರೆ. ಗುಳಿಗೆ ತಿಂಗಳಿಗಾಗುವಷ್ಟು ಎತ್ತಿಟ್ಟಿರುತ್ತೇನೆ, ಆಮೇಲೆ ಮೂರ್ಛೆ ಬಂದಿಲ್ಲ. ಹೋದ ತಿಂಗಳು ಮಗಳ ಮಡಿಲಲ್ಲಿ ಒಂದು ತುಂಡು ಬಲೆ ಇತ್ತು. ಎಡಗೈಯಲ್ಲಿ ಕಲಿಯುತ್ತಿದ್ದಳು. ಬಗ್ಗಿ ನೋಡಿದೆ. ಗಂಟುಗಳು ಸಡಿಲ, ಕಣ್ಣುಗಳು ಒಂದೊಂದು ಒಂದೊಂದು ಅಳತೆ, ನಾನು ಹಾಕಿದ ಗಂಟಿನ ಹಾಗೇ. ಅವಳು ಅದನ್ನು ಸೆರಗಿನಡಿ ಮುಚ್ಚಿಟ್ಟುಕೊಂಡಳು. ಇಬ್ಬರೂ ನಗಲಿಲ್ಲ.

ತಾಯಿ ಮಾತ್ರ ಪ್ರತಿ ಸಲವೂ ಒಂದೇ ಕೆಲಸ ಮಾಡುತ್ತಾಳೆ. ಕೂರುವ ಮೊದಲು, ಚೀಟಿ ಕೊಡುವ ಮೊದಲು, ಮಗಳ ಕುಪ್ಪಸದ ತೋಳನ್ನು, ಮೊದಲು ಬಲದ್ದು, ಆಮೇಲೆ ಎಡದ್ದು, ಹೆಗಲತನಕ ಏರಿಸಿ ನನ್ನ ಮುಂದೆ ಹಿಡಿಯುತ್ತಾಳೆ. "ನೋಡ್ಕೋರಿ ಅಕ್ಕಾರ, ಏನೂ ಇಲ್ಲ. ನಾ ಏನೂ ಕಟ್ಟಿಲ್ಲ." ಗುಳಿಗೆ ಕೊಡಲು ತೋಳು ನೋಡಬೇಕಿಲ್ಲ ಎಂದು ನಾಲ್ಕು ಸಲ ಹೇಳಿದ್ದೇನೆ. ಆದರೂ ತೋರಿಸುತ್ತಾಳೆ. ಬಲತೋಳಿನ ಮೇಲೆ ಆ ಗೆರೆ ಇನ್ನೂ ಇದೆ. ನಾನು ನೋಡಿ, ಹೂಂ ಎಂದು, ತೋಳು ಇಳಿಸುತ್ತೇನೆ.